ಸೌತೆಕಾಯಿ ಕೀಳುವ ಮುನ್ನ

ಕೊಪ್ಪಳ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೊನ್ನೆ ಕುಷ್ಟಗಿಗೆ ಬಂದಾಗ ಪ್ಲಾಸ್ಟಿಕ್ ಹಾಳೆ ಹೊದಿಸಿದ ನಿನ್ನ ಪಾಲಿಹೌಸ್ ನೋಡಿ ಎದೆ ತುಂಬಿ ಬಂದಿತು. ಒಂದು ಎಳೆ ಸೌತೆಕಾಯಿ ಕಿತ್ತು ಬಾಯಿಗಿಡಬೇಕು ಎನ್ನುವಷ್ಟರಲ್ಲಿ ನಿನ್ನ ತಾಯಿ ಕೈ ಹಿಡಿದಳು: "ಬೇಡ ಅಣ್ಣಾ, ನಿನ್ನೆಯಷ್ಟೇ ಹುಳು ಸಾಯುವ ಎಣ್ಣೆ ಹೊಡೆದಿದ್ದಾರೆ." ಸಂಜೆಗೆ ಅದೇ ಸಾಲಿನ ಕಾಯಿ ಕ್ರೇಟ್ ತುಂಬಿ ಮಾರುಕಟ್ಟೆಗೆ ಹೊರಟಿತು. ಆಳುಗಳ ಮುಂದೆ ಕೇಳಬಾರದೆಂದು ಸುಮ್ಮನಿದ್ದೆ. ಅಂದಿನಿಂದ ಅದೇ ಮಾತು ಮನಸ್ಸನ್ನು ಕೊರೆಯುತ್ತಿದೆ.

ನಾನೂ ಎಣ್ಣೆ ಹೊಡೆದವನೇ. ಆದರೆ ನಾನು ಹೊಡೆದದ್ದು ಬಟ್ಟೆಯಾಗುವ ಹತ್ತಿಗೆ. ಸೌತೆಕಾಯಿಯನ್ನು ನಮ್ಮ ಜನ ಜೋಳದ ರೊಟ್ಟಿಯ ಪಕ್ಕದಲ್ಲಿ, ಮೆಂತ್ಯ ಸೊಪ್ಪು ಮೂಲಂಗಿಯೊಡನೆ, ಸಿಪ್ಪೆ ಸಮೇತ ಹಸಿಯಾಗಿಯೇ ತಿನ್ನುತ್ತಾರೆ.

ತೆರೆದ ಹೊಲದ ಲೆಕ್ಕವನ್ನು ಪಾಲಿಹೌಸಿಗೆ ಹಾಕಬೇಡ. ಹೊಲದಲ್ಲಿ ಮಳೆ ಒಂದಿಷ್ಟು ವಿಷ ತೊಳೆಯುತ್ತದೆ, ಬಿಸಿಲು ಒಂದಿಷ್ಟು ಮುರಿಯುತ್ತದೆ. ನಿನ್ನ ಹಾಳೆ ಮಳೆಯನ್ನೂ ತಡೆಯುತ್ತದೆ, ಬಿಸಿಲಿನ ನೇರಳಾತೀತ ಕಿರಣವನ್ನೂ ಬಹುಪಾಲು ತಡೆಯುತ್ತದೆ. ಹೀಗಾಗಿ ಹೊಡೆದದ್ದು ಕಾಯಿಯ ಮೇಲೆ ಹೆಚ್ಚು ದಿನ ಉಳಿಯಬಹುದು. ತೊಳೆದರೆ ಹೋಗುತ್ತದೆ ಎನ್ನಬೇಡ. ಗಿಡದೊಳಗೆ ಹರಿಯುವ ಅಂತರ್ವ್ಯಾಪಿ ಔಷಧಿ ತಿರುಳಿಗೂ ಇಳಿದಿರುತ್ತದೆ.

ಡಬ್ಬಿಯ ಚೀಟಿಯಲ್ಲಿ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ. ನೀನು ದಿನ ಬಿಟ್ಟು ದಿನ ಕಾಯಿ ಕೀಳುವವನು. ಐದು ದಿನ ಎಂದಿದ್ದರೆ ಎರಡು ಕೊಯ್ಲು ಕೈಬಿಡಬೇಕು, ಆ ಹೊತ್ತಿಗೆ ಬಲಿತ ಕಾಯಿಯನ್ನು ಕಿತ್ತು ಗುಂಡಿಗೆ ಹಾಕಬೇಕು. ಹೊಟ್ಟೆ ಉರಿಯುತ್ತದೆ, ಬಲ್ಲೆ. ಅದಕ್ಕೇ ಹೇಳುವುದು, ಎಣ್ಣೆಯ ಅಂಗಡಿಗೆ ಹೋಗುವ ಮೊದಲು ಹುಳುವಿನ ದಾರಿ ಮುಚ್ಚು. ಪಡುವಣ ಬದಿಯ ಜಾಲರಿ ಎರಡು ಕಡೆ ಹರಿದಿದೆ, ಎರಡನೆಯ ಬಾಗಿಲು ಸದಾ ತೆರೆದೇ ಇರುತ್ತದೆ. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ, ಥ್ರಿಪ್ಸ್ ನುಸಿಗೆ ನೀಲಿ ಹಾಳೆ ತೂಗುಹಾಕು. ಹುಳು ಕಡಿಮೆ ಇರುವಾಗಲೇ ಬೇವಿನ ಔಷಧಿ ಹೊಡೆ. ಅದು ಮೀರಿದರೆ ಸೌತೆಗೆಂದೇ ಚೀಟಿಯಲ್ಲಿ ಬರೆದಿರುವ, ಕಾಯುವ ದಿನ ಕಡಿಮೆ ಇರುವ ಔಷಧಿಯನ್ನೇ ಕೇಳು. ಅಂಗಡಿಯವನು ಮೂರು ಡಬ್ಬಿ ಬೆರೆಸಿ ಹೊಡೆ ಎಂದರೆ ಎದ್ದು ಬಾ. ಮೊನೊಕ್ರೊಟೊಫಾಸ್ ಎಂಬ ಹಳೆಯ ಕೀಟನಾಶಕ ಎಲ್ಲಾದರೂ ಉಳಿದಿದ್ದರೆ ಮುಟ್ಟಲೇಬೇಡ, ತರಕಾರಿಗೆ ಅದನ್ನು 2005ರಲ್ಲೇ ನಿಷೇಧಿಸಲಾಗಿದೆ.

ಯಾವ ಔಷಧಿಗೆ ಬೇರೆ ಮಿತಿ ಗೊತ್ತುಮಾಡಿಲ್ಲವೋ ಅದು ಒಂದು ಕಿಲೋ ತರಕಾರಿಯಲ್ಲಿ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಅಂದರೆ 100 ಟನ್ ಕಾಯಿಯಲ್ಲಿ ಒಂದೇ ಗ್ರಾಂ. ಅದನ್ನು ಕಣ್ಣು, ಮೂಗು ಹಿಡಿಯಲಾರವು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂಥ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯವಿದೆ. ಈ ಬೆಳೆಯ ಕಾಯಿಯನ್ನು ಒಮ್ಮೆ ಅಲ್ಲಿಗೆ ಒಯ್ಯೋಣ, ನಾನೂ ಬರುತ್ತೇನೆ.

ಹೊಡೆದ ದಿನ, ಔಷಧಿಯ ಹೆಸರು, ಕೀಳಬಹುದಾದ ದಿನ, ಈ ಮೂರನ್ನು ಬಾಗಿಲ ಬಳಿ ತೂಗುಹಾಕಿದ ಪುಸ್ತಕದಲ್ಲಿ ಬರೆದಿಡು. ಕಾಯಿ ಕೀಳಲು ಬರುವ ಹೆಣ್ಣುಮಕ್ಕಳಿಗೂ ಅದು ತಿಳಿದಿರಲಿ.

ಜಾಲರಿಗೆ ಹಣ ಸಾಲದಿದ್ದರೆ ಸಂಕೋಚಪಡದೆ ಕೇಳು. ಜೋಳ ಮಾರಿದ ದುಡ್ಡು ಇನ್ನೂ ನನ್ನ ಬಳಿಯೇ ಇದೆ.

ಇಂತಿ ನಿನ್ನ
ಸೋದರಮಾವ