ಸಂಸದರೇ, ಸೋತವರಿಗೆ ಬಿದ್ದ ಓಟಿಗೂ ಲೆಕ್ಕ ಕೊಡಿಸಿ

ನಮ್ಮ ಲೋಕಸಭಾ ಸದಸ್ಯರಿಗೆ ನಮಸ್ಕಾರ.

ನಾನು ಒಂದು ಚುನಾವಣೆಯನ್ನೂ ತಪ್ಪಿಸಿದವನಲ್ಲ. ಓಟು ಹಾಕಿದ್ದು ಮಾತ್ರ ಯಾವಾಗಲೂ ಸೋತವರಿಗೇ. ಹಣೆಬರಹ ಅಂತ ಸುಮ್ಮನಿದ್ದೆ. ಹೋದ ಬೇಸಿಗೆಯಿಂದ ಸುಮ್ಮನಿರಲು ಆಗುತ್ತಿಲ್ಲ.

ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬಂದು ವಾರಗಳೇ ಆಗಿದ್ದವು. ಟ್ಯಾಂಕರಿಗೆ ದುಡ್ಡು ಸುರಿದು ಸಾಕಾಗಿ, ಅಕ್ಕಪಕ್ಕದವರೆಲ್ಲ ಸೇರಿ ಜನಪ್ರತಿನಿಧಿಯೊಬ್ಬರ ಕಚೇರಿಗೆ ಹೋದೆವು. ಅಲ್ಲಿದ್ದ ಹುಡುಗ ಅರ್ಜಿ ಓದಲೇ ಇಲ್ಲ. 'ಬೂತ್ ನಂಬರ್ ಎಷ್ಟು?' ಅಂದ. ಹೇಳಿದೆವು. ಪಟ್ಟಿ ತೆಗೆದು ನೋಡಿ, 'ಈ ಬೂತಲ್ಲಿ ನಮಗೆ ಲೀಡೇ ಬಂದಿಲ್ವಲ್ಲ ಸಾರ್' ಅಂದ. ಜೊತೆಗಿದ್ದ ಅಜ್ಜಿ, 'ನಾನು ನಿಮಗೇ ಹಾಕಿದ್ದು ಕಣಪ್ಪಾ' ಅಂತ ಗೋಗರೆದರು. ಓಟು ಗುಟ್ಟಾಗಿರಬೇಕು ಅಂತ ಕಾನೂನಿದೆ ಅಲ್ವಾ? ಒಂದು ಕೊಡ ನೀರಿಗಾಗಿ ಆಕೆ ಅದನ್ನೂ ಬಿಟ್ಟುಕೊಟ್ಟರು. ನೀರಂತೂ ಬರಲಿಲ್ಲ.

ಗೆದ್ದವರಿಗೆ ಎಲ್ಲ, ಸೋತವರಿಗೆ ಏನೂ ಇಲ್ಲ ಅನ್ನುವ ಪದ್ಧತಿಯಲ್ಲಿ ಇನ್ನೇನಾಗುತ್ತದೆ? ಲೀಡ್ ಕೊಡದವರು ಯಾರ ಬಾಗಿಲು ತಟ್ಟಬೇಕು ಸ್ವಾಮಿ?

ಪಕ್ಷಗಳಿಗೆ ಬಿದ್ದ ಓಟಿನ ಪಾಲಿಗೆ ತಕ್ಕಂತೆ ಸೀಟು ಕೊಡಿ. ಪ್ರಮಾಣಾನುಗುಣ ಪ್ರಾತಿನಿಧ್ಯ ತನ್ನಿ. ಇಷ್ಟೇ ನಾನು ಕೇಳುತ್ತಿರುವುದು.

ಇದು ಒಂದು ಪಕ್ಷದ ಪರ ಮಾತಲ್ಲ. 2018ರ ವಿಧಾನಸಭೆಯಲ್ಲಿ ಬಿಜೆಪಿಗೆ ಶೇ. 36ರಷ್ಟು ಓಟು, 104 ಸೀಟು. ಕಾಂಗ್ರೆಸ್ಸಿಗೆ ಶೇ. 38ರಷ್ಟು ಓಟು, 80 ಸೀಟು. ಜಾಸ್ತಿ ಓಟು ಪಡೆದವರಿಗೆ ಕಡಿಮೆ ಸೀಟು! 2023ರಲ್ಲಿ ಬಿಜೆಪಿಯ ಓಟಿನ ಪಾಲು ಹೆಚ್ಚುಕಡಿಮೆ ಅಷ್ಟೇ ಇತ್ತು, ಸೀಟು 66ಕ್ಕೆ ಇಳಿಯಿತು. 2014ರ ಲೋಕಸಭೆಯಲ್ಲಿ ಬಿಎಸ್‌ಪಿಗೆ ದೇಶದಲ್ಲಿ 2 ಕೋಟಿಗೂ ಜಾಸ್ತಿ ಓಟು ಬಿತ್ತು. ಸಿಕ್ಕ ಸೀಟು ಸೊನ್ನೆ.

ಸ್ಥಿರ ಸರ್ಕಾರ ಬರುವುದಿಲ್ಲ ಅನ್ನುತ್ತೀರಿ. 2018ರಿಂದ 2023ರೊಳಗೆ ಮೂವರು ಮುಖ್ಯಮಂತ್ರಿಗಳನ್ನು ನೋಡಿದ್ದೇವೆ. ಆ ಸ್ಥಿರತೆಯೇ ನಮಗೆ ಸಾಕಾಗಿದೆ.

ಜನರಿಗೆ ಅರ್ಥವಾಗುವುದಿಲ್ಲ ಅಂತಲೂ ಹೇಳಬೇಡಿ. ನೇಪಾಳದ ಜನ ಎರಡು ಮತಪತ್ರದಲ್ಲಿ ಓಟು ಹಾಕುತ್ತಾರೆ, ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಅಷ್ಟೇಕೆ, ನಮ್ಮ ಶಾಸಕರು ರಾಜ್ಯಸಭೆಗೆ ಆರಿಸುವುದೇ ಪ್ರಮಾಣಾನುಗುಣ ಪದ್ಧತಿಯಲ್ಲಿ, 1, 2, 3 ಅಂತ ಪ್ರಾಶಸ್ತ್ಯ ಬರೆದು. ರಾಷ್ಟ್ರಪತಿ ಚುನಾವಣೆಯೂ ಹಾಗೇ. ನಿಮ್ಮ ಓಟು ವ್ಯರ್ಥವಾಗಬಾರದು, ನಮ್ಮದಾದರೆ ಪರವಾಗಿಲ್ಲ. ಭೇಷ್!

ಹೊಸದೇನೂ ಬರೆಯಬೇಕಿಲ್ಲ. ಲೋಕಸಭೆಯ ಸೀಟುಗಳನ್ನು ಕಾಲು ಭಾಗದಷ್ಟು ಹೆಚ್ಚಿಸಿ, ಹೆಚ್ಚಿದ ಸೀಟುಗಳನ್ನು ಓಟಿನ ಪಾಲಿನಂತೆ ಪಕ್ಷಗಳ ಪಟ್ಟಿಯಿಂದ ತುಂಬಿ ಅಂತ ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಹೇಳಿದೆ. ನಿಮಗೆ ಗೊತ್ತಿರುವುದೇ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಕುರ್ಚಿಗಳಿಗೆ ಜಾಗವಿದೆ. ಕೂರಲು ಎಡೆ ಇಲ್ಲ ಅನ್ನುವ ಹಾಗೂ ಇಲ್ಲ.

ಆ ವರದಿ ಎಲ್ಲಿ ಹೋಯಿತು ಅಂತ ಮುಂದಿನ ಅಧಿವೇಶನದಲ್ಲಿ ಕೇಳಿ. ಓಟಿನ ಪಾಲಿಗೆ ತಕ್ಕ ಸೀಟು ಅಂತ ಒಂದು ಖಾಸಗಿ ಮಸೂದೆ ತನ್ನಿ. ಬಿದ್ದುಹೋದರೂ ಪರವಾಗಿಲ್ಲ, ಯಾರು ಬೀಳಿಸಿದರು ಅಂತ ನಮಗೂ ಗೊತ್ತಾಗಲಿ.

ಇಂತಿ,
ನಿಮಗೆ ಓಟು ಹಾಕದ, ಆದರೂ ನಿಮ್ಮದೇ ಕ್ಷೇತ್ರದ ಮತದಾರ