ಮೂರು ಟ್ಯೂಬಿನಲ್ಲಿ ಯಾವುದು ಅಂತ ಕೇಳಿದ ಪುಟ್ಟಿಗೆ

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ನೀನು ಕಳಿಸಿದ ಫೋಟೋ ನೋಡಿದೆ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಕ್ರೀಮಿನ ಮೂರು ಟ್ಯೂಬ್, ಮೂರರ ಮೇಲೂ ದೊಡ್ಡದಾಗಿ 50 ಅಂತ ಬರೆದಿದೆ. ಸೈಕಲ್ ಲಾಂಗ್ ರೈಡ್‌ಗೆ ಯಾವುದು ಬೆಸ್ಟ್, ಬೇಗ ಹೇಳಿ ಮಾವ ಅಂತ ಕೇಳಿದ್ದೀಯ. ಮೂರನೆಯದು ತಗೋ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ಇಷ್ಟು ವರ್ಷ ನಿಂತು ನೋಡಿದ್ದೇನೆ, ಜನ ಟ್ಯೂಬ್ ಆರಿಸೋಕೆ ಅರ್ಧ ಗಂಟೆ ತಗೊಳ್ಳುತ್ತಾರೆ, ಮನೆಗೆ ಹೋಗಿ ಹಚ್ಚುವುದು ಮಾತ್ರ ಕಡಲೆಕಾಳಿನಷ್ಟು. ಆಮೇಲೆ ಬಂದು ಈ ಕ್ರೀಮ್ ಸರಿಯಿಲ್ಲ ಅಂತಾರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದು.

ಮೊದಲು ಆ 50ರ ವಿಚಾರ. ಎಸ್‌ಪಿಎಫ್ ಅಂದರೆ ಚರ್ಮವನ್ನು ಕೆಂಪಗೆ ಸುಡುವ ಯುವಿಬಿ ಕಿರಣವನ್ನು ಕ್ರೀಮ್ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. 30 ಇದ್ದರೆ ನೂರಕ್ಕೆ ಸುಮಾರು 97 ಪಾಲು ತಡೆಯುತ್ತದೆ, 50 ಇದ್ದರೆ 98. 100 ಅಂತ ಬರೆದು ಜಾಸ್ತಿ ರೇಟ್ ಹಾಕಿರುತ್ತಾರಲ್ಲ, ಅದು 99. ಆ ಒಂದು ಪಾಲಿಗೆ ಅಷ್ಟು ದುಡ್ಡು ಸುಮ್ನೆ ದಂಡ. ಹಾಗಂತ 30 ಸಾಕು ಅಂತಲೂ ಹೇಳುವುದಿಲ್ಲ. ಈ ನಂಬರ್ ಎಲ್ಲ ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೆಕ್ಕದಲ್ಲಿ ದಪ್ಪಗೆ ಹಚ್ಚಿ ಅಳೆದದ್ದು. ನಾವು ಹಚ್ಚುವುದು ಅದರ ಅರ್ಧವೋ ಕಾಲುಭಾಗವೋ. ಆಗ 50 ಅನ್ನುವುದು 50 ಆಗಿ ಉಳಿಯುವುದಿಲ್ಲ, ತೀರಾ ಕೆಳಗೆ ಇಳಿದುಬಿಡುತ್ತದೆ. ನಮ್ಮ ಕೈ ಬಿಗಿ ಅಂತ ಗೊತ್ತಿದ್ದ ಮೇಲೆ 50ರಿಂದಲೇ ಶುರು ಮಾಡುವುದು ಒಳ್ಳೆಯದು.

ಎಸ್‌ಪಿಎಫ್ ಹೇಳದೆ ಬಿಡುವ ಇನ್ನೊಂದು ಕಿರಣ ಇದೆ, ಯುವಿಎ. ಅದು ಸುಟ್ಟ ಹಾಗೆ ಅನ್ನಿಸುವುದೇ ಇಲ್ಲ. ಒಳಗೆ ಇಳಿದು ಕಪ್ಪು ಮಾಡುತ್ತದೆ, ವಯಸ್ಸಿಗೆ ಮುಂಚೆ ಸುಕ್ಕು ತರುತ್ತದೆ, ಕೆನ್ನೆ ಮೇಲೆ ಭಂಗು ಏಳಿಸುತ್ತದೆ. ಕಾರಿನ ಗಾಜು ದಾಟಿಯೂ ಬರುತ್ತದೆ. ಇದನ್ನು ಎಷ್ಟು ತಡೆಯುತ್ತದೆ ಅಂತ ತಿಳಿಯೋಕೆ ಟ್ಯೂಬಿನ ಮೇಲೆ ಪಿಎ ಅಂತ ಇದ್ದು, ಪಕ್ಕದಲ್ಲಿ ಪ್ಲಸ್ ಗುರುತು ಇರಬೇಕು. ನಾಲ್ಕು ಪ್ಲಸ್ ಇದ್ದರೆ ಅದೇ ಮೇಲಿನ ದರ್ಜೆ. ನಿನ್ನ ಮೊದಲನೇ ಟ್ಯೂಬಿನಲ್ಲಿ ಪಿಎ ಅನ್ನುವುದೇ ಇಲ್ಲ, ಬ್ರಾಡ್ ಸ್ಪೆಕ್ಟ್ರಂ (ಎರಡೂ ಕಿರಣ ತಡೆಯುತ್ತದೆ) ಅಂತಲೂ ಇಲ್ಲ, ಬರೀ 50 ಮತ್ತು ಒಂದು ಹೂವಿನ ಚಿತ್ರ. ಅದನ್ನು ಬಿಡು. ಎರಡನೆಯದರಲ್ಲಿ ನಾಲ್ಕು ಪ್ಲಸ್ ಇದೆ, ಜೆಲ್ ಥರ ಹಗುರ, ಆಫೀಸಿಗೆ ಹೋಗುವವರಿಗೆ ಚೆನ್ನಾಗಿರುತ್ತದೆ. ಆದರೆ ವಾಟರ್ ರೆಸಿಸ್ಟೆಂಟ್ ಅಂತ ಎಲ್ಲೂ ಬರೆದಿಲ್ಲ. ನೀನು ಮುಳ್ಳಯ್ಯನಗಿರಿ ದಾರಿಯ ಕೈಮರ ಚೆಕ್‌ಪೋಸ್ಟ್ ಮುಟ್ಟುವುದರೊಳಗೆ ಅದು ಬೆವರಿನ ಜೊತೆ ಗದ್ದದಿಂದ ತೊಟ್ಟಿಕ್ಕಿ ಹೋಗಿರುತ್ತದೆ. ಮೂರನೆಯದರಲ್ಲಿ ಎರಡೂ ಇದೆ, ವಾಟರ್ ರೆಸಿಸ್ಟೆಂಟ್ 80 ನಿಮಿಷ ಅಂತ ಚಿಕ್ಕ ಅಕ್ಷರದಲ್ಲಿ ಹಿಂದೆ ಬರೆದಿದ್ದಾರೆ. ನಿನಗೆ ಬೇಕಾದದ್ದು ಆ ಚಿಕ್ಕ ಅಕ್ಷರವೇ. ಕೆಲವರು ವಾಟರ್‌ಪ್ರೂಫ್, ಸ್ವೆಟ್‌ಪ್ರೂಫ್ ಅಂತ ಬರೆಯುತ್ತಾರೆ, ಅದನ್ನು ನಂಬಬೇಡ. ಬೆವರಿಗೆ ಪೂರ್ತಿ ನಿಲ್ಲುವ ಸನ್‌ಸ್ಕ್ರೀನ್ ಅಂತ ಯಾವುದೂ ಇಲ್ಲ. ಅಮೆರಿಕದಲ್ಲಿ ಆ ಪದಗಳನ್ನು ಲೇಬಲ್ ಮೇಲೆ ಹಾಕುವ ಹಾಗೇ ಇಲ್ಲ. ನೀರು, ಬೆವರಿಗೆ 40 ನಿಮಿಷ ಅಥವಾ 80 ನಿಮಿಷ ನಿಲ್ಲುತ್ತದೆ ಅಂತ ಮಾತ್ರ ಬರೆಯಬೇಕು.

ಹೋದ ಸಲ ಸನ್‌ಸ್ಕ್ರೀನ್ ಕಣ್ಣಿಗೆ ಇಳಿದು ಇಳಿಜಾರಿನಲ್ಲಿ ಕಣ್ಣು ಬಿಡೋಕೇ ಆಗಲಿಲ್ಲ ಅಂದಿದ್ದೆ ಅಲ್ವಾ. ಮುಳ್ಳಯ್ಯನಗಿರಿ ರಸ್ತೆ ತಿರುವಿನಲ್ಲಿ ಅದು ತಮಾಷೆಯ ವಿಷಯ ಅಲ್ಲ. ಹಣೆಗೆ ಬೇರೆ ಥರದ್ದು ಹಚ್ಚು. ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಸಿಗುತ್ತದೆ, ತುಟಿಗೆ ಹಚ್ಚುವ ಬಾಮ್ ಥರ ಉಜ್ಜಿಕೊಳ್ಳುವುದು. ಗಟ್ಟಿ ಇರುವುದರಿಂದ ಬೇಗ ಹರಿಯುವುದಿಲ್ಲ, ಹರಿದರೂ ಕಣ್ಣು ಅಷ್ಟು ಉರಿಯುವುದಿಲ್ಲ. ಜಿಂಕ್ ಎರಡೂ ಕಿರಣ ತಡೆಯುತ್ತದೆ. ನಮ್ಮ ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಕಾಣುವುದೊಂದೇ ತೊಂದರೆ. ಟಿಂಟ್, ಅಂದರೆ ಚರ್ಮದ ಬಣ್ಣ ಬೆರೆಸಿರುವುದು ತಗೊಂಡರೆ ಅದೂ ಇರುವುದಿಲ್ಲ. ಟಿಂಟ್‌ನಲ್ಲಿ ಐರನ್ ಆಕ್ಸೈಡ್ ಹಾಕಿರುತ್ತಾರೆ, ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ಭಂಗು ಇರುವವರಿಗೆ ಅದರಿಂದ ಉಪಯೋಗ ಇದೆ, ನಿಮ್ಮಮ್ಮನಿಗೂ ಹೇಳು. ಹೆಲ್ಮೆಟ್ ಒಳಗೆ ತೆಳು ಹತ್ತಿ ಟೋಪಿ ಹಾಕಿಕೋ, ಅರ್ಧ ಬೆವರು ಅದೇ ಕುಡಿಯುತ್ತದೆ. ಹೆಲ್ಮೆಟ್ ಕಿಂಡಿಯಿಂದ ಬೈತಲೆ ಮೇಲೆ ಬೀಳುವ ಬಿಸಿಲೂ ತಪ್ಪುತ್ತದೆ.

ಬಿಳಿ ಜೆರ್ಸಿ ಕಾಲರ್ ಯಾಕೆ ಕಿತ್ತಳೆ ಬಣ್ಣ ಆಗಿದೆ ಅಂತ ಅಕ್ಕ, ಅಂದರೆ ನಿಮ್ಮಮ್ಮ, ಫೋನಿನಲ್ಲಿ ಬೈಯುತ್ತಿದ್ದಳು. ಅದು ಕೊಳೆ ಅಲ್ಲ. ಆವೊಬೆಂಜೋನ್ ಅಂತ ಒಂದು ವಸ್ತು ತುಂಬಾ ಸನ್‌ಸ್ಕ್ರೀನ್‌ಗಳಲ್ಲಿ ಇರುತ್ತದೆ, ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಿನಲ್ಲಿ ಒಗೆದರೆ ಅದು ತುಕ್ಕಿನ ಥರ ಕಲೆ ಹಿಡಿಯುತ್ತದೆ. ಬ್ಲೀಚ್ ಹಾಕಿದರೆ ಇನ್ನೂ ಜಾಸ್ತಿ ಆಗುತ್ತದೆ. ಕ್ರೀಮ್ ಪೂರ್ತಿ ಒಣಗಿದ ಮೇಲೆ ಜೆರ್ಸಿ ಹಾಕಿಕೋ, ಇಲ್ಲ ಗಾಢ ಬಣ್ಣದ್ದು ಹಾಕು.

ಇನ್ನು ಎಷ್ಟು ಹಚ್ಚಬೇಕು ಅನ್ನುವುದು. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಕ್ರೀಮ್ ಗೆರೆ ಎಳೆ. ಅಷ್ಟು ಬರೀ ಮುಖ ಮತ್ತು ಕತ್ತಿಗೆ. ಮತ್ತೆ ಅಷ್ಟೇ ಒಂದು ಕೈಗೆ, ಅಷ್ಟೇ ಇನ್ನೊಂದು ಕೈಗೆ. ಕಾಲು ಬೇರೆ. ಈ ಲೆಕ್ಕದಲ್ಲಿ ದೊಡ್ಡವರ ಪೂರ್ತಿ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಬೇಕು. ನಿನ್ನ ಟ್ಯೂಬಿನಲ್ಲಿ ಇರುವುದೇ 50 ಗ್ರಾಂ! ಐದಾರು ತಿಂಗಳಿಂದ ಒಂದೇ ಟ್ಯೂಬ್ ಬರುತ್ತಿದೆ ಅಂತ ಯಾರಾದರೂ ಸೈಕಲ್ ಫ್ರೆಂಡ್ ಹೇಳಿದರೆ, ಅವರು ಹಚ್ಚುತ್ತಿಲ್ಲ, ಸವರುತ್ತಿದ್ದಾರೆ ಅಂತ ಅರ್ಥ.

ಇಷ್ಟು ಕ್ರೀಮ್‌ಗೆ ಯಾರು ದುಡ್ಡು ಸುರಿಯುತ್ತಾರೆ? ಅದಕ್ಕೇ ನಾನು ಹೇಳುವುದು, ಮೊದಲು ಬಟ್ಟೆ, ಆಮೇಲೆ ಕ್ರೀಮ್. ಯುಪಿಎಫ್ 50 (ಬಟ್ಟೆ ಯುವಿ ಕಿರಣ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿರುವ ಆರ್ಮ್ ಸ್ಲೀವ್ಸ್ ಒಂದು ಜೊತೆ ತಗೋ. ಕಾಲಿಗೂ ಅಂಥದ್ದೇ ಇದೆ. ಕತ್ತಿಗೆ ಬಫ್, ಅಂದರೆ ಕೊಳವೆಯಂಥ ತೆಳು ಬಟ್ಟೆ. ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವ ರಗಳೆ ಇಲ್ಲ, ಒಗೆದು ಒಗೆದು ಹಾಕಬಹುದು. ಸೆಕೆ ಆಗುತ್ತದೆ ಅಂತೀಯ, ಗೊತ್ತು. ನೀರು ಚಿಮುಕಿಸಿಕೊಂಡು ಓಡಿಸಿ ನೋಡು, ಗಾಳಿಗೆ ಬರೀ ಮೈಗಿಂತ ತಂಪೇ ಇರುತ್ತದೆ. ಆಗ ಟ್ಯೂಬಿಗೆ ಉಳಿಯುವ ಕೆಲಸ ಮುಖ, ಕಿವಿ, ಕತ್ತು, ಬೆರಳು, ಇಷ್ಟಕ್ಕೇ. ಅದನ್ನು ಧಾರಾಳವಾಗಿ ಮಾಡು.

ಸೈಕಲ್ ಓಡಿಸುವವರಿಗೆ ಸುಡುವ ಜಾಗಗಳೇ ಬೇರೆ. ಹ್ಯಾಂಡಲ್ ಮೇಲೆ ಬಗ್ಗಿ ಕೂತರೆ ಹಿಂಗತ್ತು ಪೂರ್ತಿ ಆಕಾಶಕ್ಕೆ ತೆರೆದಿರುತ್ತದೆ, ಕೂದಲು ಎತ್ತಿ ಕಟ್ಟುವ ನಿನಗಂತೂ ಇನ್ನೂ ಜಾಸ್ತಿ. ಕಿವಿಯ ಮೇಲಂಚು ಯಾರಿಗೂ ನೆನಪಾಗುವುದಿಲ್ಲ. ಹೆಲ್ಮೆಟ್ ಪಟ್ಟಿ ಕಿವಿ ಕೆಳಗೆ ಉಜ್ಜಿ ಉಜ್ಜಿ ಅಲ್ಲಿದ್ದ ಕ್ರೀಮ್ ಒರೆಸಿಬಿಡುತ್ತದೆ, ಹಾಗಾಗಿ ಪಟ್ಟಿ ಬಿಗಿದ ಮೇಲೆ ಅದರ ಅಕ್ಕಪಕ್ಕ ಇನ್ನೊಂದು ಸಲ ಬೆರಳು ಆಡಿಸು. ಗ್ಲೌಸ್ ಹಾಕುವಾಗ ಮಣಿಕಟ್ಟಿನ ಮೇಲೆ ಪಟ್ಟಿ ಅಂಟಿಸುವ ಕಡೆ ಒಂದು ಸಣ್ಣ ಕಿಂಡಿ ಉಳಿಯುತ್ತದೆ ನೋಡು, ಅಲ್ಲಿ ನಾಲ್ಕಾಣೆ ಅಗಲ ಕಪ್ಪು ಬೊಟ್ಟು ಬಿದ್ದವರನ್ನು ನೋಡಿದ ಕೂಡಲೇ ಇವರು ಸೈಕಲಿನವರು ಅಂತ ಹೇಳಿಬಿಡಬಹುದು. ಸ್ಲೀವ್ಸ್ ಹಾಕದ ದಿನ ಮೊಣಕಾಲಿನ ಮೇಲ್ಭಾಗ ಮರೆಯಬೇಡ, ಪೆಡಲ್ ತುಳಿಯುವಾಗ ತೊಡೆ ಮೇಲೆ ಬಂದು ಬಂದು ನೇರ ಬಿಸಿಲಿಗೆ ಸಿಗುತ್ತದೆ. ತುಟಿಗೆ ಎಸ್‌ಪಿಎಫ್ ಇರುವ ಬಾಮ್. ಎಲ್ಲ ಹಚ್ಚಿ ಆದ ಮೇಲೆ ಅಂಗೈ ಚೆನ್ನಾಗಿ ಒರೆಸಿಕೋ, ಜಿಡ್ಡು ಕೈಯಲ್ಲಿ ಬ್ರೇಕ್ ಹಿಡಿಯುವುದು ಬೇಡ. ಹೊರಡುವ 15-20 ನಿಮಿಷ ಮೊದಲೇ ಹಚ್ಚಬೇಕು. ಟಯರಿಗೆ ಗಾಳಿ ನೋಡುವ ಮುಂಚೆ ಹಚ್ಚಿದರೆ ಟೈಮ್ ಸರಿ ಹೋಗುತ್ತದೆ.

ನೀನು ಹೋಗುವ ದಾರಿಗಳೂ ಒಂದೇ ಥರ ಅಲ್ಲ. ತೋಟದ ರಸ್ತೆಯಲ್ಲಿ ಸಿಲ್ವರ್ ಓಕ್ ನೆರಳಿರುತ್ತದೆ, ಬಿಸಿಲು ಅಷ್ಟು ತಾಗುವುದಿಲ್ಲ. ಆದರೆ ಸಖರಾಯಪಟ್ಟಣ ದಾಟಿ ಕಡೂರಿನ ಕಡೆಗೋ, ಹಳೇಬೀಡಿನಿಂದ ಜಾವಗಲ್ ಕಡೆಗೋ ಹೊರಟರೆ ಬಯಲು. ಅಲ್ಲಿ ಬೆವರುತ್ತಿದ್ದರೆ 80 ನಿಮಿಷಕ್ಕೊಮ್ಮೆ, ಇಲ್ಲದಿದ್ದರೂ ಎರಡು ಗಂಟೆಗೊಮ್ಮೆ ನಿಂತು ಹಚ್ಚಲೇಬೇಕು, ಟವೆಲ್‌ನಲ್ಲಿ ಮುಖ ಒರೆಸಿದರೆ ಇನ್ನೂ ಬೇಗ. ಬೆವರಿನ ಮೇಲೆ ಹಾಗೇ ಬಳಿಯಬೇಡ, ಒತ್ತಿ ಒಣಗಿಸಿ ಆಮೇಲೆ ಹಚ್ಚು. ಬೇಲೂರಿನಲ್ಲಿ ಕಾಫಿಗೆ ನಿಲ್ಲುತ್ತೀಯಲ್ಲ, ಸೆಲ್ಫಿಗಿಂತ ಮೊದಲು ಆ ಕೆಲಸ ಮುಗಿಸು.

ಗಿರಿ ಮೇಲೆ ಮೋಸ ಹೋಗುವವರೇ ಜಾಸ್ತಿ. ಮೇಲೆ ಮರ ಇಲ್ಲ, ಬರೀ ಹುಲ್ಲು. ತಣ್ಣನೆ ಗಾಳಿ ಬೀಸುತ್ತಿರುತ್ತದೆ, ಬಿಸಿಲೇ ಇಲ್ಲ ಅನ್ನಿಸುತ್ತದೆ. ಶಾಖಕ್ಕೂ ಯುವಿಗೂ ಸಂಬಂಧ ಇಲ್ಲ ಪುಟ್ಟಿ. ಸಾವಿರ ಮೀಟರ್ ಮೇಲೆ ಹೋದರೆ ಯುವಿ ಸುಮಾರು ನೂರಕ್ಕೆ ಹತ್ತು ಪಾಲು ಜಾಸ್ತಿ ಆಗುತ್ತದೆ. ನಿಮ್ಮ ಚಿಕ್ಕಮಗಳೂರು ಇರುವುದೇ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,930 ಮೀಟರ್. ತೆಳು ಮೋಡ, ಮಂಜು ಇದ್ದರೂ ಯುವಿ ಬಹುಪಾಲು ತೂರಿ ಬರುತ್ತದೆ. ಬೆಳಿಗ್ಗೆ ಬೇಗ ಹತ್ತಿ ಹತ್ತು ಗಂಟೆಯೊಳಗೆ ಇಳಿದರೆ ಒಳ್ಳೆಯದು. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆ ಹೊತ್ತಿಗೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲೂ ಏನೂ ಕಮ್ಮಿ ಇಲ್ಲ. ಏಪ್ರಿಲ್ ಕೊನೆಗಂತೂ ಸರಿಯಾಗಿ ತಲೆ ಮೇಲೇ ಇರುತ್ತಾನೆ. ಫೋನಿನ ಹವಾಮಾನ ಆಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಇರುತ್ತದೆ, 8 ಮುಟ್ಟಿದರೆ ತುಂಬಾ ಜಾಸ್ತಿ, 11 ಮುಟ್ಟಿದರೆ ವಿಪರೀತ. ನೆಟ್‌ವರ್ಕ್ ಸಿಗದ ಕಡೆ ನೆರಳು ನೋಡಿಕೋ. ನಿನ್ನ ನೆರಳು ನಿನಗಿಂತ ಗಿಡ್ಡ ಇದ್ದರೆ ಎಚ್ಚರ.

ಎರಡು ವಿಷಯ ಔಷಧಿ ಅಂಗಡಿಯವನಾಗಿ ಹೇಳಲೇಬೇಕು. ಮೊಡವೆಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಡಾಕ್ಸಿಸೈಕ್ಲಿನ್ ಅಲ್ವಾ? ಅದು ತಗೊಳ್ಳುತ್ತಿರುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕೋರ್ಸ್ ಮುಗಿಯುವ ತನಕ ಬಯಲಿನ ಲಾಂಗ್ ರೈಡ್ ಬೇಡ, ನೀನಾಗಿ ಮಾತ್ರೆ ನಿಲ್ಲಿಸುವುದೂ ಬೇಡ, ಡಾಕ್ಟರನ್ನು ಒಂದು ಮಾತು ಕೇಳು. ಎರಡನೆಯದು ನಿಂಬೆಹಣ್ಣು. ದಾರಿಯಲ್ಲಿ ನಿಂಬೆ ಹಿಂಡಿಕೊಂಡು ಶರಬತ್ತು ಮಾಡಿ ಕುಡಿದು, ರಸ ಹತ್ತಿದ ಕೈಯಲ್ಲೇ ಬಿಸಿಲಿಗೆ ಹೊರಟರೆ ಒಂದೆರಡು ದಿನದಲ್ಲಿ ಅಲ್ಲಿ ಗುಳ್ಳೆ ಎದ್ದು, ಆಮೇಲೆ ವಾರಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಎಷ್ಟೋ ಜನ ಅದನ್ನು ಹುಳ ಮುಟ್ಟಿದ್ದು ಅಂದುಕೊಂಡು ಅಂಗಡಿಗೆ ಬರುತ್ತಾರೆ. ಸೋಪಿಲ್ಲದಿದ್ದರೆ ಬಾಟಲಿ ನೀರಿನಲ್ಲಾದರೂ ಕೈ ತೊಳೆದುಕೋ.

ಮಲೆನಾಡಿನ ಕಡೆ ಹೋಗುವಾಗ ಉಣ್ಣೆ ಹುಳ, ಸೊಳ್ಳೆ ಕಚ್ಚದಿರಲಿ ಅಂತ ಎಣ್ಣೆ ಹಚ್ಚುವುದಿದ್ದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಎಣ್ಣೆ. ಎರಡೂ ಸೇರಿರುವ ಒಂದೇ ಟ್ಯೂಬ್ ಬೇಡ.

ಅಕ್ಕ ತೆಂಗಿನೆಣ್ಣೆ ಹಚ್ಚಿಕೊಂಡು ಹೋಗು, ಬಂದ ಮೇಲೆ ಕಡಲೆಹಿಟ್ಟು ಹಚ್ಚು ಅಂತ ಹೇಳೇ ಹೇಳುತ್ತಾಳೆ. ಎದುರು ಮಾತಾಡಬೇಡ. ತೆಂಗಿನೆಣ್ಣೆ ರಾತ್ರಿ ಸ್ನಾನ ಆದ ಮೇಲೆ ಹಚ್ಚಿಕೋ, ಒಣಗಿದ ಚರ್ಮಕ್ಕೆ ಒಳ್ಳೆಯದೇ. ಬಿಸಿಲು ತಡೆಯುವ ಶಕ್ತಿ ಅದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ. ಕಡಲೆಹಿಟ್ಟಂತೂ ಸುಟ್ಟ ಚರ್ಮಕ್ಕೆ ಬೇಡವೇ ಬೇಡ, ಉಜ್ಜಿದರೆ ಇನ್ನೂ ಉರಿ. ಸುಟ್ಟರೆ ತಣ್ಣೀರು, ಮಾಯಿಶ್ಚರೈಸರ್, ಅಷ್ಟೇ. ಬೊಬ್ಬೆ ಎದ್ದರೆ ಡಾಕ್ಟರ್.

ಟ್ಯೂಬ್ ಅನ್ನು ಸೈಕಲ್ ಬ್ಯಾಗಿನಲ್ಲೇ ಬಿಟ್ಟು ಬಿಸಿಲಿಗೆ ನಿಲ್ಲಿಸಬೇಡ, ಕಾಯ್ದರೆ ಕೆಡುತ್ತದೆ. ನೀರು ಬೇರೆ ಎಣ್ಣೆ ಬೇರೆ ಆಗಿ ಬಂದರೆ ಎಸೆದುಬಿಡು. ದೊಡ್ಡ ಟ್ಯೂಬ್ ಮನೆಯಲ್ಲಿರಲಿ, ದಾರಿಗೆ ಆ ಸ್ಟಿಕ್ ಜೆರ್ಸಿ ಜೇಬಿನಲ್ಲಿ ಹಿಡಿಸುತ್ತದೆ. ಟಿಂಟ್ ಇರುವ ಸ್ಟಿಕ್ ನಮ್ಮ ಅಂಗಡಿಗೆ ಈ ವಾರ ಬರುತ್ತದೆ, ನಿನಗೊಂದು ಎತ್ತಿಡುತ್ತೇನೆ. ಹಾಸನಕ್ಕೆ ಸೈಕಲ್‌ನಲ್ಲೇ ಬರುವುದಾದರೆ ಬೆಳಿಗ್ಗೆ ಐದಕ್ಕೆ ಹೊರಡು, ತಿಂಡಿಗೆ ನಿಮ್ಮತ್ತೆ ಅಕ್ಕಿರೊಟ್ಟಿ ಮಾಡುತ್ತಾಳಂತೆ. ವಾಪಸ್ ಸಂಜೆ ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಹೋಗು.

ಇಂತಿ ನಿನ್ನ
ಮಾವ