ಒಂಟಿ ಹುಡುಗನ ಪಕ್ಕ ಕೂತವರು ಯಾರು?

ಸಂಪಾದಕರೇ,

ಜಾನ್ ಸಿಂಗಲ್ಟನ್ ಅವರ 1995ರ 'ಹೈಯರ್ ಲರ್ನಿಂಗ್' ಸಿನಿಮಾವನ್ನು ಮೊನ್ನೆ ಮತ್ತೆ ನೋಡಿದೆ. ಅಮೆರಿಕದ ಒಂದು ಕಾಲ್ಪನಿಕ ವಿಶ್ವವಿದ್ಯಾಲಯದ ಕಥೆ ಅದು. ಕಪ್ಪು ಹುಡುಗ ಮಲಿಕ್ ಓಟಗಾರ, ಸ್ಕಾಲರ್‌ಶಿಪ್ ಮೇಲೆ ಬಂದವನು. ಕ್ರಿಸ್ಟನ್ ಅತ್ಯಾಚಾರದ ನೋವು ಹೊತ್ತವಳು. ಆದರೆ ನನ್ನ ತಲೆಯಿಂದ ಹೋಗದೇ ಇರುವವನು ರೆಮಿ. ಯಾರ ಜೊತೆಗೂ ಬೆರೆಯಲಾಗದ ಬಿಳಿಯ ಹುಡುಗ. ಅವನು ಒಬ್ಬನೇ ಕೂತಿರುವಾಗ ಪಕ್ಕಕ್ಕೆ ಬಂದು ಪ್ರೀತಿಯಿಂದ ಮಾತಾಡಿಸುವವರು ನವನಾಜಿಗಳು, ಅಂದರೆ ಹಿಟ್ಲರ್‌ನನ್ನು ಮೆಚ್ಚುವ, ಬಿಳಿಯರೇ ಮೇಲು ಎನ್ನುವ ಗುಂಪಿನವರು! ಆಮೇಲೆ ರೆಮಿಯೂ ಅವರಂತೆ ತಲೆ ಬೋಳಿಸಿಕೊಳ್ಳುತ್ತಾನೆ, ಕೊನೆಗೆ ಕಟ್ಟಡದ ಮೇಲೆ ನಿಂತು, ಶಾಂತಿಗಾಗಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸುತ್ತಾನೆ, ಮಲಿಕ್‌ನ ಗೆಳತಿ ಡೇಜಾ ಸಾಯುತ್ತಾಳೆ.

ಇನ್ನೂ ಹೊಟ್ಟೆ ಉರಿಯುವುದು ಅದರ ನಂತರ. ಕೊಲೆಗಾರನನ್ನು ಹಿಡಿಯಲು ಓಡಿದ ಮಲಿಕ್‌ನನ್ನೇ ಕ್ಯಾಂಪಸ್ ಕಾವಲಿನವರು ಬಡಿಯುತ್ತಾರೆ. ಯಾಕೆ? ಬಣ್ಣ ನೋಡಿ, ಅಷ್ಟೇ.

ಪಾತ್ರಗಳು ಜಾಸ್ತಿ, ಕೆಲವು ಅರ್ಧಕ್ಕೇ ನಿಂತಂತಿವೆ, ಒಪ್ಪುತ್ತೇನೆ. ಆದರೂ ದ್ವೇಷ ಕಾಲೇಜಿನೊಳಗೆ ಸುಮ್ನೆ ಹುಟ್ಟುವುದಿಲ್ಲ, ಊಟದ ಮೇಜಿನಲ್ಲಿ ಗುಂಪು ಗುಂಪಾಗಿ ಕೂರುವುದರಿಂದಲೇ ಶುರುವಾಗುತ್ತದೆ ಅಲ್ವಾ? ಮೊದಲ ವರ್ಷಕ್ಕೆ ಸೇರುವ ಮಕ್ಕಳಿಗೆ ಈ ಚಿತ್ರ ತೋರಿಸಿ, ಆಮೇಲೆ ಒಂದು ಗಂಟೆ ಅವರನ್ನೇ ಮಾತಾಡಲು ಬಿಡಿ ಎಂದು ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ